ಕುರುಗೋಡಿನ ಬೆರಳು, ಬಳ್ಳಾರಿಯ ಬೆರಳು

ಕಾರು ಕೊಳ್ಳುವ ಮೊದಲು ನಾವು ಹನ್ನೊಂದು ದಿನ ತಯಾರಿ ಮಾಡಿದೆವು. ಹನ್ನೊಂದು ಎಂಬುದು ನನಗೆ ಸರಿಯಾಗಿ ನೆನಪಿರಲು ಕಾರಣವಿದೆ. ಹಚ್ಚೊಳ್ಳಿಯ ಒಂದು ಮನೆಯ ಕಿರಿಯ ಸೊಸೆಗೆ ದಿನ ತುಂಬಲು ಆಗ ಹೆಚ್ಚೆಂದರೆ ಐದು ವಾರ ಉಳಿದಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಆ ಐದು ವಾರದಲ್ಲಿ ಒಂದು ದಿನ ಕಳೆಯುತ್ತಿದ್ದೆ.

ನಾನು ಸಿರುಗುಪ್ಪದ ಒಂದು ಖಾಸಗಿ ದವಾಖಾನೆಯಲ್ಲಿ ಹೆರಿಗೆ ನರ್ಸು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಮ್ಮ ಸೀಮೆ ಇನ್ನೂ ಮದರಾಸಿನ ಆಡಳಿತದಲ್ಲಿತ್ತು. ದವಾಖಾನೆಯ ಡಾಕ್ಟರು ಐವತ್ತರ ಹತ್ತಿರದವರು. ಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಗಾಡಿ ಓಡಿಸುವುದನ್ನು ಅಲ್ಲೇ ಕಲಿತಿದ್ದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಸೌಕರ್ಯ ನಮ್ಮಲ್ಲಿರಲಿಲ್ಲ. ಅದಕ್ಕೆ ಬಳ್ಳಾರಿಗೇ ಹೋಗಬೇಕು. ಬಳ್ಳಾರಿ ಮೂವತ್ತೈದು ಮೈಲಿ.

ಹಿಂದಿನ ಶ್ರಾವಣದಲ್ಲಿ ಅದೇ ಮನೆಯ ಹಿರಿಯ ಸೊಸೆಯನ್ನು ಎತ್ತಿನ ಬಂಡಿಯಲ್ಲಿ ಬಳ್ಳಾರಿಗೆ ಹೊರಡಿಸಿದ್ದೆವು. ಮಗು ಅಡ್ಡ ತಿರುಗಿತ್ತು. ದಿನಕ್ಕೊಂದೇ ಬಸ್ಸು, ಅದು ಬೆಳಿಗ್ಗೆಯೇ ಹೋಗಿತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂಡಿಯಲ್ಲಿ ಕೂತಿದ್ದೆ. ತೆಕ್ಕಲಕೋಟೆ ದಾಟುವವರೆಗೂ ಅವಳು ಮಾತಾಡುತ್ತಿದ್ದಳು. ಮಳೆಗೆ ರಸ್ತೆಯ ಕಂಕರು ಕಲ್ಲು ಕಿತ್ತುಹೋದ ಕಡೆಯೆಲ್ಲ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳು ನಿಂತುಬಿಡುತ್ತಿದ್ದವು. ಬಂಡಿಯವನು ಇಳಿದು ಕೋಲಿನಿಂದ ಮಣ್ಣು ಕೆರೆಯುತ್ತಿದ್ದ. ಮೂರನೆಯ ಸಲ ಕೆರೆದು ಹತ್ತಿ ಕೂತವನು, "ಹೊಡೀಲೇನ್ರಿ ನರ್ಸಮ್ಮ?" ಎಂದು ಕೇಳಿದ. ನಾನು ಬೇಡ, ಬಂಡಿಯನ್ನು ಊರಿಗೆ ತಿರುಗಿಸು ಎಂದೆ. ಅದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ. ಆಮೇಲೆ ಎಷ್ಟೋ ತಿಂಗಳು ನನ್ನ ಬಲಗೈ ಬೆರಳುಗಳು ನಡುಗುತ್ತಿದ್ದವು. ಸೂಜಿಯನ್ನು ಎಡಗೈಯಲ್ಲಿ ಚುಚ್ಚುವುದನ್ನು ರೂಢಿ ಮಾಡಿಕೊಂಡೆ.

ಕಿರಿಯ ಸೊಸೆ ಚಿಕ್ಕಂದಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದಳು, ಕುಂಟುತ್ತಿದ್ದಳು. ಆರನೆಯ ತಿಂಗಳಲ್ಲಿ ನೋಡಿದಾಗಲೇ ನನಗೆ ಗೊತ್ತಾಯಿತು: ಆ ಸೊಂಟದಲ್ಲಿ ಮಗು ಇಳಿಯುವಷ್ಟು ಜಾಗವಿಲ್ಲ. ಡಾಕ್ಟರೂ ನೋಡಿ ಅದನ್ನೇ ಹೇಳಿದರು. ತಿಂಗಳು ಮುಂಚೆಯೇ ಬಳ್ಳಾರಿಯಲ್ಲಿ ಇರಿಸಿ ಎಂದು ಅವಳ ಅತ್ತೆಗೆ ಹೇಳಿದೆ. ಆ ಮುದುಕಿ ಹಿರಿಯ ಸೊಸೆಯನ್ನು ಬಂಡಿ ಹತ್ತಿಸಿದ ಬಾಗಿಲಲ್ಲೇ ನಿಂತಿದ್ದಳು.

"ಬ್ಯಾನಿ ಬರೋಕಿಂತ ಮೊದ್ಲ ಹೋಗಿ ಮಕ್ಕೊಳ್ಳಾಕ ಅದೇನು ಛತ್ರ ಏನು?" ಎಂದಳು. ಆಮೇಲೆ, "ಬಂಡ್ಯಾಗ ಇನ್ನೊಬ್ಬಾಕಿನ್ನ ಕಳಸಂಗಿಲ್ಲ, ನರ್ಸಮ್ಮ. ಮೋಟರ ಬಾಗಿಲಿಗೆ ಬಂದ್ರ ಕಳಸ್ತೀನಿ. ಇಲ್ಲಂದ್ರ ಆಗೂದು ಮನಿಯಾಗ ಆಗ್ಲಿ" ಎಂದಳು.

ಸಿರುಗುಪ್ಪದಲ್ಲಿ ಆಗ ಒಂದೇ ಕಾರಿತ್ತು. ಅದರ ಯಜಮಾನರು ಮದುವೆಗೆ ಕೊಡುತ್ತಿದ್ದರು. ಮೈಲಿಗೆಯೆಂದು ಹೆರಿಗೆಗೆ ಕೊಡುತ್ತಿರಲಿಲ್ಲ. ಡಾಕ್ಟರು ತಾವೇ ಕೊಳ್ಳುತ್ತೇನೆ ಎಂದರು.

ಬಳ್ಳಾರಿಯ ಹತ್ತಿ ಪೇಟೆಯಲ್ಲಿ ಒಬ್ಬ ಸಾಹುಕಾರರಿದ್ದರು. ಕನ್ನಡ ಮನೆಮಾತಿನ ಮುಸಲ್ಮಾನರು, ತಲೆಮಾರುಗಳಿಂದ ಹತ್ತಿಯ ವ್ಯಾಪಾರ. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಗಾಡಿಗಳನ್ನು ಹಿಡಿದು, ಹತ್ತಿ ತುಂಬಿದ ಅಂಡಿಗೆಗಳನ್ನು ಪೇರಿಸುವ ಅಂಗಳದಲ್ಲೇ ನಿಲ್ಲಿಸಿಕೊಂಡು ಮಾರುತ್ತಿದ್ದರು. ಅಣೆಕಟ್ಟಿನ ಕೆಲಸಕ್ಕೆಂದು ಹೊಸಪೇಟೆಯ ಗುತ್ತಿಗೆದಾರರು ಸಿಕ್ಕ ಗಾಡಿಯನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು. ಡಾಕ್ಟರು ಒಮ್ಮೆ ಹೋಗಿ ಒಂದು ಕಾರು ನೋಡಿ ಬಂದರು. ಅರ್ಧ ಗಂಟೆ ಅದರ ಇಂಜಿನ್ನಿನ ವರ್ಣನೆ ಮಾಡಿದರು. ಹಿಂದಿನ ಸೀಟು ಮಡಚುತ್ತದೆಯೇ, ಒಬ್ಬ ಹೆಂಗಸು ಉದ್ದಕ್ಕೆ ಮಲಗಬಹುದೇ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ನೋಡಿರಲಿಲ್ಲ. ಬೆಲೆಯನ್ನೂ ಸಾಹುಕಾರರು ಕೇಳಿದಷ್ಟಕ್ಕೆ ಒಪ್ಪುವ ಹಾಗೆ ಮಾತಾಡಿ ಬಂದಿದ್ದರು. ಅಷ್ಟು ಹಣ ಅವರಲ್ಲಿರಲಿಲ್ಲ.

ಆ ದಿನವೇ ನಾನು ಕುರುಗೋಡಿಗೆ, ನಮ್ಮ ಅಪ್ಪನಿಗೆ ಕಾರ್ಡು ಬರೆದೆ.

ಅಪ್ಪ ದನದ ಸಂತೆಯ ದಲ್ಲಾಳಿ. ಮೂವತ್ತು ವರ್ಷ ಎತ್ತಿನ ವ್ಯಾಪಾರ ಕುದುರಿಸಿದವನು. ಕಾರಿನ ಒಳಗೆ ಒಮ್ಮೆಯೂ ಕೂತವನಲ್ಲ. ಎಲೆಅಡಿಕೆ ಚಂಚಿ ಹೆಗಲಿಗೆ ಹಾಕಿಕೊಂಡು ಬಂದು ದವಾಖಾನೆಯ ಪಡಸಾಲೆಯಲ್ಲಿ ಕೂತು, ಎಲ್ಲವನ್ನೂ ಕೇಳಿ, "ಎತ್ತಾದ್ರೇನು, ಮೋಟರಾದ್ರೇನು. ಮಾರಾವ ಮನುಷ್ಯಾನ ಅಲ್ಲೇನ್ರಿ?" ಎಂದ.

ಪಾಠ ಮರುದಿನ ಶುರುವಾಯಿತು. ರೋಗಿಗಳು ಕೂರುವ ಮರದ ಬೆಂಚನ್ನು ಅಂಗಳಕ್ಕೆ ತಂದು, ಇದೇ ಕಾರು ಎಂದ. ತಾನು ಸಾಹುಕಾರನಾಗಿ ಅದರ ಪಕ್ಕ ನಿಂತ.

"ಬರ್ರಿ ಸಾಹೇಬ್ರ. ನೋಡ್ರಿ, ಹೆಂಗ ನಿಂತೈತಿ ನೋಡ್ರಿ ಗಾಡಿ. ಈಗ ನೀವು ಏನಂತೀರಿ?"

"ಬಣ್ಣ ಸರಿಯಿಲ್ಲ," ಎಂದರು ಡಾಕ್ಟರು, ಹೇಳಿಕೊಟ್ಟಂತೆ. ಆಮೇಲೆ, "ಆದರೂ ಪರವಾಗಿಲ್ಲ" ಎಂದು ಸೇರಿಸಿದರು.

"ಆ ಆದರೂ ಎಲ್ಲಿಂದ ಬಂತ್ರಿ? ನಾ ಹೇಳಿಕೊಟ್ಟಿದ್ನೇನು?"

"ಒಬ್ಬ ಮನುಷ್ಯನ ಎದುರು ಅವನ ವಸ್ತುವನ್ನು ಹಾಗೆ ಹಳಿಯೋದು..."

"ಬಿಡ್ರಿ, ನೀವು ಮಾತಾಡಬ್ಯಾಡ್ರಿ."

"ಸರಿ. ಮಾತಾಡೋದಿಲ್ಲ."

"ಅದೂ ಸಾಲದ್ರಿ. ನಿಮ್ಮ ಮುಖ ಮಾತಾಡ್ತೈತಿ. ಬೆಂಚಿಗೇ ಇಷ್ಟು ಅರಳಿದ್ರ ಮೋಟರಿಗೆ ಹೆಂಗ?"

ಕಣ್ಣಿಗೆ ಔಷಧಿ ಹಾಕಿಸಿಕೊಂಡು ಗೋಡೆಗೆ ಒರಗಿದ್ದ ಒಬ್ಬ ಅಜ್ಜಿ, "ಬೆಂಚ್ ಮಾರಾಕತ್ತಾರೇನ್ರಿ?" ಎಂದು ಕೇಳಿದಳು. "ನಿನಗ ಬೇಕೇನಬೇ?" ಎಂದ ಅಪ್ಪ. "ಒಂದು ಕಾಲು ಅಲುಗಾಡ್ತೈತಿ, ಬ್ಯಾಡಪ್ಪ," ಎಂದಳು ಅಜ್ಜಿ. ಅಪ್ಪ ಡಾಕ್ಟರ ಕಡೆ ತಿರುಗಿ, "ಕೇಳಿದ್ರ್ಯಾ? ಹಿಂಗ ಅನಬೇಕು" ಎಂದ.

ಹೀಗೆ ದಿನಗಳು ಹೋದವು. ಅಪ್ಪನ ನಿಯಮಗಳು ಮೂರು. ಒಂದು, ಬೇಕಾದುದನ್ನು ಕೊನೆಗೆ ನೋಡಬೇಕು, ಬೇಡದ್ದರ ಬೆಲೆಯನ್ನು ಮೊದಲು ಕೇಳಬೇಕು. ಎರಡು, ಬೆಲೆ ಹೊಂದದಿದ್ದರೆ ಎದ್ದು ಹೊರಟುಬಿಡಬೇಕು. ಮಾರುವವನು ಬಾಗಿಲ ತನಕ ಬಂದು ಕರೆದೇ ಕರೆಯುತ್ತಾನೆ. ಮೂರನೆಯದನ್ನು ಅವನು ನನ್ನ ಕಡೆ ನೋಡಿ ಹೇಳಿದ.

"ಯಾಕ ಬೇಕು ಅನ್ನೂದು ಹೊರಗ ಬೀಳಬಾರದು. ಹೆರಿಗಿ, ಜೀವಾ, ಹಚ್ಚೊಳ್ಳಿ, ಒಂದೂ ಬಾಯಾಗ ಬರಬಾರದು. ಅವಸರ ಐತಿ ಅಂತ ತಿಳೀತೋ, ಮುಗೀತು. ಲೇ, ನಿನಗಾ ಹೇಳಾಕತ್ತೀನಿ."

ನಾನು ತಲೆಯಾಡಿಸಿದೆ. ಆದರೆ ಆ ಹನ್ನೊಂದು ದಿನ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಪಾಠ ನಡೆಯುತ್ತಿರುವಾಗ ನಾನು ಅಂಗಳದ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದೆ. ಈ ಹೊತ್ತಿಗೇ ಯಾರೋ ಗುತ್ತಿಗೆದಾರ ಆ ಕಾರಿನ ಬಾಗಿಲು ತೆಗೆದು ನೋಡುತ್ತಿರಬಹುದು ಎನ್ನಿಸುತ್ತಿತ್ತು. ನಾಳೆಯೇ ಹೋಗೋಣ ಎಂದರೆ ಅಪ್ಪ, "ನಾಳೆ ಹೋಗೋವ್ರಂಗ ಕಾಣ್ತೀರೇನು ನೀವು?" ಎನ್ನುತ್ತಿದ್ದ.

ಬೆಲೆ ಮಾತ್ರ ಬಾಯಲ್ಲಿ ಬರುವಂತಿಲ್ಲ. ಅದು ಹೆಗಲ ಮೇಲಿನ ವಲ್ಲಿಯ ಕೆಳಗೆ, ಬೆರಳಿನಲ್ಲಿ. ಸಂತೆ ಕಂಡವರಿಗೆ ಇದು ಗೊತ್ತು: ಇಬ್ಬರು ಕೈ ಹಿಡಿದು ಮೇಲೆ ಬಟ್ಟೆ ಮುಚ್ಚಿಕೊಳ್ಳುತ್ತಾರೆ, ಎಷ್ಟು ಬೆರಳು ಹಿಡಿದರೆ ಅಷ್ಟು ನೂರು, ದೊಡ್ಡ ಸರಕಾದರೆ ಅಷ್ಟು ಸಾವಿರ. ಸುತ್ತ ನಿಂತವರಿಗೆ ಬೆಲೆ ತಿಳಿಯಕೂಡದು. ಒಪ್ಪಿದ ಮೇಲೂ ಯಾರೂ ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಆತು" ಎನ್ನುತ್ತಾರೆ, ಅಷ್ಟೆ. ಬಳ್ಳಾರಿಯ ಹತ್ತಿ ಪೇಟೆಯಲ್ಲೂ ಬೆರಳಿನ ವ್ಯಾಪಾರವೇ ಎಂದು ಕೇಳಿ ಅಪ್ಪನಿಗೆ ಬಹಳ ಧೈರ್ಯ ಬಂದಿತ್ತು.

ಒಂದು ಸಂಜೆ ಅವನು ಅಭ್ಯಾಸಕ್ಕೆಂದು ನನ್ನ ಬಲಗೈಯನ್ನು ವಲ್ಲಿಯ ಕೆಳಗೆ ಎಳೆದುಕೊಂಡ. ಎರಡು ಬೆರಳು ಪೂರ್ತಿ ಹಿಡಿದು, ಮೂರನೆಯದರ ತುದಿಗೆಣ್ಣನ್ನಷ್ಟೇ ಒತ್ತಿದ. ಎರಡೂವರೆ. ಎತ್ತಿನ ವ್ಯಾಪಾರದಲ್ಲಿ ಅರ್ಧಕ್ಕಿಂತ ಚಿಕ್ಕದಿಲ್ಲ. ತುದಿ ಮುಟ್ಟಿದರೆ ಅರ್ಧ. ಡಾಕ್ಟರ ಹತ್ತಿರ ಇದ್ದುದೂ ಅಷ್ಟೇ, ಎರಡೂವರೆ ಸಾವಿರ. ಅಪ್ಪ ಕೈ ಬಿಡಲಿಲ್ಲ.

"ಇನ್ನೂ ನಡಗ್ತಾವ?" ಎಂದ.

"ಮೊದಲಿನಷ್ಟಿಲ್ಲ."

ಮರುದಿನ ಬೆಳಿಗ್ಗೆ ತಾನಾಗಿಯೇ, "ನಡೀರಿ, ಹೋಗೂಣು" ಎಂದ.

ಬಳ್ಳಾರಿಯಲ್ಲಿ ಇಳಿದ ಕೂಡಲೇ ಡಾಕ್ಟರು ಔಷಧಿ ಅಂಗಡಿಯಲ್ಲಿ ದವಾಖಾನೆಗೆ ಬೇಕಾದ ಸಾಮಾನು ಕೊಂಡರು. ಆ ಚೀಲ ನನ್ನ ಕೈಯಲ್ಲಿತ್ತು. ಅಲ್ಲಿಂದ ಹತ್ತಿ ಪೇಟೆಗೆ ನಡೆದೆವು. ಕಾರು ಇನ್ನೂ ಇತ್ತು. ಅದು ಹಿಂಭಾಗ ಉದ್ದವಾಗಿದ್ದ, ಹಿಂದಿನಿಂದ ಎರಡು ಬಾಗಿಲು ತೆರೆಯುವ ಮಣ್ಣುಬಣ್ಣದ ಗಾಡಿ. ಸಾಹುಕಾರರು ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಅವರ ಪಕ್ಕದಲ್ಲಿ ಹೊಸಪೇಟೆಯ ಒಬ್ಬ ಗುತ್ತಿಗೆದಾರರ ಕಡೆಯವನು ಸೋಡಾ ಕುಡಿಯುತ್ತ ಕೂತಿದ್ದ.

ಅಪ್ಪ ನೇರವಾಗಿ ಒಂದು ಲಾರಿಯ ಹತ್ತಿರ ಹೋಗಿ ಅದರ ಬೆಲೆ ಕೇಳಿದ. ಡಾಕ್ಟರು ಹೇಳಿಕೊಟ್ಟಂತೆ ಕಾರಿಗೆ ಬೆನ್ನು ಮಾಡಿ ನಿಂತು, ಎದುರಿನ ಅಂಗಡಿಯ ತೆಲುಗು ಬೋರ್ಡು ಓದತೊಡಗಿದರು. ನನಗೆ ದಣಿವಾದಂತೆ ಮಾಡಿ ಕಾರಿನೊಳಗೆ ಹಿಂದಿನ ಸೀಟಿನಲ್ಲಿ ಕೂರಲು ಅಪ್ಪ ಹೇಳಿದ್ದ. ಒಬ್ಬ ಹೆಂಗಸಿನ ಉದ್ದಕ್ಕೆ ಕತ್ತರಿಸಿಕೊಂಡು ಬಂದಿದ್ದ ಬ್ಯಾಂಡೇಜಿನ ಪಟ್ಟಿಯನ್ನು ಸೆರಗಿನ ಮರೆಯಲ್ಲಿ ಬಿಚ್ಚಿದೆ. ಸೀಟು ಮಡಚುತ್ತಿತ್ತು. ಪಟ್ಟಿ ಮುಗಿದ ಮೇಲೂ ಒಂದು ಗೇಣು ಉಳಿಯಿತು. ಪಕ್ಕದಲ್ಲಿ ಮೊಣಕಾಲೂರಿ ಕೂರಲು ನನಗೂ ಜಾಗವಿತ್ತು. ನಾನು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡೆ. ಅದು ಅಪ್ಪನಿಗೆ ಗುರುತು.

ಅಪ್ಪ ಕಾರಿನ ಸುತ್ತ ಎರಡು ಸಲ ಬಂದ. ಟೈರನ್ನು ಅಂಗೈಯಿಂದ ತಟ್ಟಿದ, ಬಾನೆಟ್ಟು ಎತ್ತಿಸಿ ಎತ್ತಿನ ಹಲ್ಲು ನೋಡುವಷ್ಟು ಹೊತ್ತು ಒಳಗೆ ನೋಡಿದ. "ಮುದಿಯಾಗೈತಿ," ಎಂದ. ಸಾಹುಕಾರರು ನಕ್ಕು ಇಂಜಿನ್ ಚಾಲು ಮಾಡಿಸಿದರು. ಆ ಸದ್ದು ಕೇಳಿದ್ದೇ ಡಾಕ್ಟರು ತಿರುಗಿಬಿಟ್ಟರು. ಅವರ ಮುಖವನ್ನು ನಾನೂ ನೋಡಿದೆ, ಸಾಹುಕಾರರೂ ನೋಡಿದರು. ಅಪ್ಪ ಜೋರಾಗಿ ಕೆಮ್ಮಿದ. ಡಾಕ್ಟರು ಮತ್ತೆ ಬೋರ್ಡಿಗೆ ತಿರುಗಿದರು.

ಆಮೇಲೆ ಕೈಗಳ ಮೇಲೆ ವಲ್ಲಿ ಬಿತ್ತು. ಇಬ್ಬರೂ ಒಂದು ಹತ್ತಿ ಅಂಡಿಗೆಯ ಮೇಲೆ ಎದುರುಬದುರಾಗಿ ಕೂತರು. ಮುಖಗಳು ಬೇರೆಬೇರೆ ಕಡೆ, ಬಟ್ಟೆಯ ಕೆಳಗೆ ಮಾತ್ರ ಅಲುಗಾಟ. ಬಹಳ ಹೊತ್ತಾಯಿತು. ಕೊನೆಗೆ ಅಪ್ಪ "ಆತು" ಎಂದ. ಸಾಹುಕಾರರೂ "ಆತು" ಎಂದು ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಡಾಕ್ಟರು ಕೋಟಿನ ಒಳಜೇಬಿನಿಂದ ಗಂಟು ತೆಗೆದುಕೊಟ್ಟರು. ಸಾಹುಕಾರರು ಎಣಿಸಿ, ಇನ್ನೊಮ್ಮೆ ಎಣಿಸಿ, ಅಪ್ಪನ ಮುಖ ನೋಡಿದರು.

"ಕಮ್ಮಿ ಐತಲ್ಲಪ್ಪ."

"ಏನು ಕಮ್ಮಿ? ಒಪ್ಪಿದ್ದು ಅಷ್ಟಾ."

"ನಾ ಒಪ್ಪಿದ್ದು ಇದಲ್ಲ."

"ನನ್ನ ಬೆರಳಿಗೆ ಮೂವತ್ತು ವರ್ಷದಾಗ ಯಾರೂ ಹಿಂಗ ಅಂದಿಲ್ರಿ ಸಾಹುಕಾರ್ರ."

"ನನ್ನ ಬೆರಳಿಗೂ ಅಂದಿಲ್ಲ."

ಇಬ್ಬರೂ ಅಂಕಿ ಹೇಳಲೊಲ್ಲರು. ಹೇಳಿದರೆ ಅಲ್ಲಿಗೆ ಅವರ ಮರ್ಯಾದೆ ಹೋಯಿತು. ಅಪ್ಪನ ಕಿವಿ ಕೆಂಪಾಗಿತ್ತು. ಅವನು ಎದ್ದ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ, ಹೊರಟ. ಅಂಗಳದ ಬಾಗಿಲವರೆಗೆ ಹೋದ. ಯಾರೂ ಕರೆಯಲಿಲ್ಲ. ಸಾಹುಕಾರರು ಹಣವನ್ನು ಡಾಕ್ಟರ ಕೈಗೆ ಹಿಂದಕ್ಕೆ ಕೊಟ್ಟರು. ಗುತ್ತಿಗೆದಾರರ ಕಡೆಯವನು ಸೋಡಾ ಸೀಸೆಯನ್ನು ಕೆಳಗಿಟ್ಟು ಎದ್ದು ಬಂದು, ನಾನು ಕೂತಿದ್ದ ಕಾರಿನ ಬಾಗಿಲಿಗೆ ಕೈ ಹಾಕಿದ. "ಸ್ವಲ್ಪ ಇಳೀತೀರಾ ಅಮ್ಮ," ಎಂದ.

ನಾನು ಇಳಿದೆ. ಇಳಿದವಳು ಸಾಹುಕಾರರ ಹತ್ತಿರ ಹೋದೆ. ಮಾತಾಡಬಾರದೆಂದು ಹೇಳಿದ್ದು ನೆನಪಿತ್ತು.

"ಅಂಕಿ ಹೇಳಬ್ಯಾಡ್ರಿ. ಎಲ್ಲಿ ಹಿಡದ್ರಿ ಅನ್ನೂದಷ್ಟು ತೋರಸ್ರಿ," ಎಂದೆ.

"ಯಾರ ಕೈಯಾಗ ತೋರಸ್ಲವ್ವ? ಅವರು ಕೈ ಕೊಡಂಗಿಲ್ಲ. ನಿನ್ನ ಕೈ ನಾ ಹಿಡಿಯಂಗಿಲ್ಲ."

ಔಷಧಿಯ ಚೀಲದಲ್ಲಿ ಹೆರಿಗೆಗೆಂದು ಕೊಂಡ ಹೊಸ ರಬ್ಬರ್ ಕೈಗವಸಿತ್ತು. ಒಂದನ್ನು ತೆಗೆದು, ಒಡೆದ ಅಂಡಿಗೆಯಿಂದ ಹತ್ತಿ ಕಿತ್ತು ಐದೂ ಬೆರಳಿಗೆ ತುಂಬಿದೆ. ಒಂದೇ ಕೈಯಲ್ಲಿ ಬೇಗ ತುಂಬಲು ಆಗಲಿಲ್ಲ. ಡಾಕ್ಟರು ಬಂದು ಕೈಗವಸಿನ ಬಾಯಿಯನ್ನು ಹಿಡಿದುಕೊಂಡರು. ತುಂಬಿದ ಕೈಯನ್ನು ಅಂಡಿಗೆಯ ಮೇಲೆ ಇಟ್ಟೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ತಿರುಗಿ ಬಂದ. ಎರಡು ಬೆರಳು ಪೂರ್ತಿ ಹಿಡಿದು, ಮೂರನೆಯದರ ತುದಿಗೆಣ್ಣು ಒತ್ತಿದ.

"ಅದಾ," ಎಂದರು ಸಾಹುಕಾರರು. "ನನಗೂ ಅಲ್ಲೇ ಹಿಡದ್ರಿ. ತಪ್ಪಿಲ್ಲ."

"ಮತ್ತ?"

ಸಾಹುಕಾರರು ಆ ರಬ್ಬರ್ ಬೆರಳಿನ ಬುಡದಿಂದ ಒಂದೊಂದೇ ಗೆಣ್ಣು ಮುಟ್ಟುತ್ತ ಹೋದರು. "ಹತ್ತಿ ಪ್ಯಾಟ್ಯಾಗ ಇದು ಕಾಲು. ಇದು ಅರ್ಧ. ಈ ತುದಿ ಮುಕ್ಕಾಲು."

ಅಪ್ಪ ತಾನೂ ಆ ಗೆಣ್ಣುಗಳನ್ನು ಬುಡದಿಂದ ಮುಟ್ಟಿ ನೋಡಿದ. "ನಮ್ಮಲ್ಲಿ ಕಾಲು ಇಲ್ರಿ," ಎಂದ. ಆಮೇಲೆ, "ಸರಕು ಎಲ್ಲಿ ನಿಂತೈತೋ ಅಲ್ಲಿನ ಬೆರಳಾ ಖರೆ. ಅದು ನಮ್ಮ ಸಂತಿಯಾಗೂ ಐತಿ. ತಪ್ಪು ನಂದು" ಎಂದ. ಇನ್ನೂ ಕೊಡಬೇಕಾದ ಇನ್ನೂರೈವತ್ತು ರೂಪಾಯಿ ಡಾಕ್ಟರ ಹತ್ತಿರವಿಲ್ಲ ಎಂದು ಗೊತ್ತಿದ್ದುದರಿಂದ ಅವರ ಕಡೆ ತಿರುಗಲಿಲ್ಲ.

ಆಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹಚ್ಚೊಳ್ಳಿ, ಬಂಡಿ, ತೆಕ್ಕಲಕೋಟೆಯ ಆಚೆ ಗಾಲಿಗೆ ಮೆತ್ತಿದ ಮಣ್ಣು, ಕುಂಟುವ ಸೊಸೆ, ಮುದುಕಿಯ ಮಾತು. ಎಷ್ಟು ದಿನ ಉಳಿದಿದೆ ಎಂಬುದನ್ನೂ ಹೇಳಿದೆ. ಅಪ್ಪ ತಡೆಯಲಿಲ್ಲ.

ಸಾಹುಕಾರರು ಗಡ್ಡ ನೀವಿಕೊಂಡರು. "ಬೆರಳಿನ ಬೆಲಿ ಇಳಸಾಕ ಬರಂಗಿಲ್ಲವ್ವ. ಇಳಿಸಿದೆ ಅಂದ್ರ ನಾಳೆ ಪ್ಯಾಟ್ಯಾಗ ನನ್ನ ಕೈ ಯಾರೂ ಹಿಡಿಯಂಗಿಲ್ಲ. ಸರಕು ಬೇಕಾದ್ರ ಕಮ್ಮಿ ಮಾಡಬಹುದು." ಅವರು ಎದ್ದು ಕಾರಿನ ಹಿಂದೆ ಹೋದರು. ಅಲ್ಲಿ ಎರಡು ಸ್ಟೆಪ್ನಿ ಕಟ್ಟಿದ್ದವು, ಎರಡೂ ಹೊಸ ಟೈರು. ಆಗ ಟೈರು ಸಿಗುವುದೇ ಕಷ್ಟವಿತ್ತು. "ಇವೆರಡೂ, ಜಾಕೂ ಇಲ್ಲೇ ಇರ್ಲಿ. ಕಾಲು ಮುಟ್ಟಿತು. ಗಾಡಿ ಒಯ್ರಿ. ಜಾಲಿ ಮುಳ್ಳು ನೋಡಿಕೊಂಡು ಹೊಡೀರಿ, ಡಾಕ್ಟ್ರ."

ಟೈರುಗಳನ್ನು ಗುತ್ತಿಗೆದಾರರ ಕಡೆಯವನು ಅಲ್ಲೇ ಕೊಂಡುಕೊಂಡ. ನಾವು ಅದೇ ಸಂಜೆ ಕಾರಿನಲ್ಲಿ ಸಿರುಗುಪ್ಪಕ್ಕೆ ಬಂದೆವು. ಅಪ್ಪ ದಾರಿಯುದ್ದಕ್ಕೂ ತನ್ನ ಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದ.

ಹಚ್ಚೊಳ್ಳಿಯ ತಾಯಿ, ಮಗು ಇಬ್ಬರೂ ಉಳಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ; ಓದುವವರನ್ನು ಆ ವಿಷಯದಲ್ಲಿ ಕಾಯಿಸಲು ನನಗೆ ಮನಸ್ಸಿಲ್ಲ.

ನೋವು ನಾನು ಲೆಕ್ಕ ಹಾಕಿದ್ದಕ್ಕಿಂತ ಹತ್ತು ದಿನ ಮುಂಚೆ ಬಂತು. ಬೆಳಿಗ್ಗೆ ಸೈಕಲ್ಲಿನ ಮೇಲೆ ಒಬ್ಬ ಆಳು ಸುದ್ದಿ ತಂದ. ನಾವು ಹಚ್ಚೊಳ್ಳಿಗೆ ಹೋಗಿ ಬಾಗಿಲಿಗೆ ಕಾರು ಹಚ್ಚಿದೆವು. ಮುದುಕಿ ಸೊಸೆಯನ್ನು ಹಿಂದೆ ಮಲಗಿಸಿ, ತಾನು ಮುಂದೆ ಡಾಕ್ಟರ ಪಕ್ಕ ಕೂತು ಎರಡೂ ಕೈಯಿಂದ ಬಾಗಿಲನ್ನು ಹಿಡಿದುಕೊಂಡಳು. ನಾನು ಸೊಸೆಯ ಪಕ್ಕದಲ್ಲಿ ಕೂತೆ.

ಸಿರುಗುಪ್ಪ ದಾಟಿದ ಮೇಲೆ ಡಾಕ್ಟರು ಪ್ರತಿಯೊಂದು ಮೈಲಿಗಲ್ಲನ್ನೂ ಗಟ್ಟಿಯಾಗಿ ಹೇಳತೊಡಗಿದರು. ಮೂವತ್ತನಾಲ್ಕು. ಮೂವತ್ತಮೂರು. ದಾರಿ ಸವೆಯುತ್ತಿದೆ ಎಂದು ಹಿಂದಿದ್ದವರಿಗೆ ತಿಳಿಯಲೆಂದು ಹಾಗೆ ಮಾಡಿದರೆಂದು ಕಾಣುತ್ತದೆ. ನಾನು ಅದನ್ನು ಕೇಳುತ್ತಿರಲಿಲ್ಲ. ನಾನು ಟೈರಿನ ಸದ್ದು ಕೇಳುತ್ತಿದ್ದೆ. ಇಕ್ಕೆಲಕ್ಕೂ ಜಾಲಿ ಗಿಡ. ಹೊಲದ ಬೇಲಿಗೆಂದು ಕಡಿದು ಎಳೆದೊಯ್ದ ಮುಳ್ಳು ರಸ್ತೆಯ ಮೇಲೆಲ್ಲ ಉದುರಿತ್ತು. ಒಂದು ಟೈರು ಹೋದರೆ ಹಾಕಲು ಇನ್ನೊಂದಿಲ್ಲ. ತೆಕ್ಕಲಕೋಟೆಯ ಆಚೆಯ ಆ ಜಾಗ ಬಂದಾಗ ನಾನು ಹೊರಗೆ ನೋಡಲಿಲ್ಲ. ಆದರೆ ಎಲ್ಲಿದ್ದೇವೆ ಎಂಬುದು ಗೊತ್ತಿತ್ತು. ಕಲ್ಲು ಸಿಡಿದ ಸದ್ದಿಗೆಲ್ಲ ಕಿಟಕಿಯಿಂದ ಬಗ್ಗಿ ಗಾಲಿ ನೋಡುತ್ತಿದ್ದೆ. ನೋವು ಬಂದಾಗಲೆಲ್ಲ ಸೊಸೆ ನನ್ನ ಮುಂಗೈಯನ್ನು ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಎಷ್ಟು ಸಲ ಎಂದು ನಾನು ನೋಡಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ತಳ್ಳುಮಂಚದ ಮೇಲೆ ಇಳಿಸಿದ ಕೂಡಲೇ ಅಲ್ಲಿನ ಡಾಕ್ಟರಮ್ಮ ಬಂದು, "ನೋವು ಎಷ್ಟು ಹೊತ್ತಿಗೊಮ್ಮೆ ಬರ್ತಿದೆ?" ಎಂದು ನನ್ನನ್ನು ಕೇಳಿದರು. ಅಷ್ಟು ದೂರ ಅವಳ ಪಕ್ಕದಲ್ಲೇ ಕೂತು ಬಂದ ನರ್ಸು ನಾನು. ಅದೊಂದೇ ನನ್ನ ಕೆಲಸವಾಗಿತ್ತು. ನಾನು ಎಣಿಸಿರಲಿಲ್ಲ.

"ನಮ್ಮ ಡಾಕ್ಟ್ರು ಕಲ್ಲು ಹೇಳ್ತಿದ್ರು," ಎಂದಳು ಹಚ್ಚೊಳ್ಳಿಯ ಸೊಸೆ, ಮಲಗಿದ್ದಲ್ಲಿಂದಲೇ. "ಮೊದ್ಲ ಮೂರು ಕಲ್ಲಿಗೊಮ್ಮೆ ಬರ್ತಿತ್ರಿ. ಕೋಳೂರು ದಾಟಿದ ಮ್ಯಾಲ ಒಂದೊಂದು ಕಲ್ಲಿಗೂ ಬಂತು."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಆಮೇಲೆ ಕಾರು ಗಂಟೆಗೆ ಎಷ್ಟು ಮೈಲಿ ಬಂತು ಎಂದು ನಮ್ಮ ಡಾಕ್ಟರನ್ನು ಕೇಳಿ, ನಿಮಿಷಗಳ ಲೆಕ್ಕ ಹಾಕಿ ಬರೆದುಕೊಂಡು, ತಳ್ಳುಮಂಚವನ್ನು ಒಳಗೆ ತಳ್ಳಿಸಿದರು.